ನಮ್ಮವರ ಡಬ್ಬಿ

ಹಾಥರ್ಲಿಯಲ್ಲಿ ಚುನಾವಣೆ ಎಂದರೆ ಮ್ಯೂರಿಯಲ್ ಟ್ಯಾಪ್‌ಸ್ಕಾಟಳ ಮನೆಯ ಮುಂಗೋಣೆ. ಮೂವತ್ತೆಂಟು ವರ್ಷಗಳಿಂದ ಇದೇ ನಡೆದುಬಂದಿತ್ತು. ಮತದಾನದ ದಿನ ಬೆಳಕು ಹರಿಯುವ ಮೊದಲೇ ಆ ಕೋಣೆಯ ದೊಡ್ಡ ಮೇಜು ಕಿಟಕಿಯ ಬಳಿಗೆ ಸರಿಯುತ್ತಿತ್ತು. ಚರ್ಚಿನಿಂದ ಎರವಲು ತಂದ ಚಹಾದ ಹಂಡೆ ಮೂಲೆಯಲ್ಲಿ ಬುಸುಗುಡುತ್ತಿತ್ತು. ಕನ್ಸರ್ವೇಟಿವ್ ಪಕ್ಷದ ನೀಲಿ ರಿಬ್ಬನ್ ಹೂವನ್ನು ಎದೆಗೆ ಸಿಕ್ಕಿಸಿಕೊಂಡ ಹೆಂಗಸರು ಶಾಲೆಯ ಮತಗಟ್ಟೆಯಿಂದ ಮತ ಹಾಕಿದವರ ಕ್ರಮಸಂಖ್ಯೆಗಳ ಚೀಟಿ ತರುವರು; ಯಾರು ಬಂದು ಹೋದರು, ಯಾರು ಇನ್ನೂ ಮನೆಯಲ್ಲಿ ಬೆಚ್ಚಗೆ ಕೂತಿದ್ದಾರೆ ಎಂದು ಮ್ಯೂರಿಯಲ್ ಪಟ್ಟಿಯಲ್ಲಿ ಗೆರೆ ಎಳೆಯುವಳು; ಕೂತವರನ್ನು ಎಬ್ಬಿಸಲು ಜನ ಓಡುವರು. ಹಬ್ಬವೇ ಸರಿ. ಕ್ರಿಸ್‌ಮಸ್ ವರ್ಷಕ್ಕೊಮ್ಮೆ ಬರುತ್ತದೆ, ಇದು ಯಾವಾಗ ಬರುತ್ತದೋ ಹೇಳಲಾಗದು ಎಂಬುದೊಂದೇ ವ್ಯತ್ಯಾಸ.

ಈ ಎಲ್ಲದರ ಜೀವ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿತ್ತು. ಅದರೊಳಗೆ ಮನೆಗೊಂದು ಕಾರ್ಡು, ಕಾರ್ಡಿನಲ್ಲಿ ಮತದಾರನಿಗೊಂದು ಸಾಲು. ನೀಲಿಯವರಾದರೆ ಶಾಯಿಯಲ್ಲಿ ಒಂದು ಸರಿ ಗುರುತು. ಬೇರೆಯವರು, ಅನುಮಾನದವರು ಎಲ್ಲ ಪೆನ್ಸಿಲಿನಲ್ಲಿ. ಪೆನ್ಸಿಲಿನವರ ಬಾಗಿಲನ್ನು ಪ್ರತಿ ಸಲವೂ ತಟ್ಟಿ ಕೇಳಬೇಕು; ಶಾಯಿಯವರದನ್ನು ತಟ್ಟುವಂತಿಲ್ಲ. ಅದು ಮ್ಯೂರಿಯಲಳ ಕಟ್ಟುನಿಟ್ಟು. ನಮ್ಮವರ ಮನೆಗೆ ಹೋಗಿ ‘ನೀವು ನಮ್ಮವರೇ ತಾನೆ’ ಎಂದು ಕೇಳುವುದು, ಗಂಡನಾದವನು ದಿನಬೆಳಗಾದರೆ ‘ನೀನು ನನ್ನ ಹೆಂಡತಿ ತಾನೆ’ ಎಂದು ಕೇಳಿದಷ್ಟೇ ಅಸಭ್ಯ ಎಂದು ಅವಳು ನಂಬಿದ್ದಳು. ಹೀಗಾಗಿ ಮಿಲ್ ಲೇನಿನಿಂದ ಹಿಡಿದು ಸೇತುವೆಯವರೆಗೆ ಇನ್ನೂರ ಹನ್ನೆರಡು ಜನ ಶಾಯಿಯಲ್ಲಿ ಭದ್ರವಾಗಿ ಕೂತಿದ್ದರು.

ಆ ಸೆಪ್ಟೆಂಬರಿನ ಭಾನುವಾರ ಚರ್ಚು ಮುಗಿಸಿ ಬಂದು ನಾಲ್ವರೂ ಊಟಕ್ಕೆ ಕೂತಿದ್ದರು. ಒಲೆಯಲ್ಲಿ ಬೆಂದ ಕುರಿಯ ತೊಡೆ, ಪುದೀನ ಚಟ್ನಿ, ಗರಿಗರಿಯಾದ ಆಲೂಗಡ್ಡೆ. ಗಂಡ ಕ್ಲೆಮೆಂಟ್ ಮಾಂಸ ಕೊಯ್ಯುತ್ತಿದ್ದ. ಅವನು ಮೂವತ್ತು ವರ್ಷ ಇದೇ ಊರಿನ ಅಂಚೆಯವನಾಗಿದ್ದು ನಿವೃತ್ತನಾದವನು, ಮಾತು ಕಡಿಮೆ. ಮಗಳು ಹೇಜೆಲ್ ಪತ್ರಿಕೆಯನ್ನು ತಟ್ಟೆಯ ಪಕ್ಕದಲ್ಲೇ ಬಿಡಿಸಿಟ್ಟಿದ್ದಳು. ಗಂಡನನ್ನು ಬಿಟ್ಟು ಬಂದ ಮೇಲೆ ಅವಳೂ ಅವಳ ಮಗಳು ಬ್ರಯನಿಯೂ ಇದೇ ಮನೆಯಲ್ಲಿದ್ದರು.

"ಊಟದ ಹೊತ್ತಲ್ಲಿ ಪೇಪರ್ ಬೇಡ ಹೇಜೆಲ್," ಎಂದಳು ಮ್ಯೂರಿಯಲ್.

"ಇವತ್ತು ಬೇಕು ಅಮ್ಮ. ನಿನ್ನ ಸರ್ ಜಾಸ್ಲಿನ್ ಫೋಟೋ ಬಂದಿದೆ. ಎಷ್ಟು ಚೆನ್ನಾಗಿ ನಗ್ತಿದಾನೆ ನೋಡು."

ಸರ್ ಜಾಸ್ಲಿನ್ ಪಾರ್ಡೋ ಹತ್ತೊಂಬತ್ತು ವರ್ಷಗಳಿಂದ ಅವರ ಎಂ.ಪಿ. ಮ್ಯೂರಿಯಲಳ ಮುಂಗೋಣೆಯಲ್ಲಿ ನಾಲ್ಕು ಗೆಲುವಿನ ಚಹಾ ಕುಡಿದವನು.

"ಏನಂತೆ?"

"ಶಾಲೆಗಳಿಗೆ ಊಟ ಕಳಿಸ್ತಾರಲ್ಲ, ಆ ಕಂಪನಿ ಇವನಿಗೆ ಎರಡು ವರ್ಷದಿಂದ ತಿಂಗಳು ತಿಂಗಳೂ ದುಡ್ಡು ಕೊಡ್ತಿತ್ತಂತೆ. ಇವನು ಮಂತ್ರಿಗಳಿಗೆ, ಜಿಲ್ಲೆ ನೋಡ್ಕೊಳ್ಳೋ ಕೌಂಟಿಯವರಿಗೆ ಕಾಗದ ಬರೀತಿದ್ದನಂತೆ. ಶಾಲೆ ಅಡುಗೆಮನೆ ಎಲ್ಲ ಮುಚ್ಚಿ, ಆ ಕಂಪನಿಗೇ ಕೊಡಿ ಅಂತ."

ಕ್ಲೆಮೆಂಟನ ಚಾಕು ನಿಂತಿತು. ಬ್ರಯನಿ ಅಜ್ಜಿಯ ಮುಖವನ್ನೇ ನೋಡಿದಳು.

ಯಾಕೆಂದರೆ ಹೇಜೆಲ್ ಹದಿನಾಲ್ಕು ವರ್ಷ ಊರಿನ ಶಾಲೆಯ ಅಡುಗೆಯವಳಾಗಿದ್ದಳು. ಹೋದ ವಸಂತದಲ್ಲಿ ಆ ಅಡುಗೆಮನೆಗೆ ಬೀಗ ಬಿತ್ತು. ಈಗ ಎಲ್ಲಿಂದಲೋ ವ್ಯಾನು ಬರುತ್ತದೆ, ತಗಡಿನ ಹಾಳೆ ಮುಚ್ಚಿದ ಬೂದು ಬಣ್ಣದ ಊಟ ಇಳಿಸುತ್ತದೆ, ಹೇಜೆಲ್ ಅದನ್ನು ಬಿಸಿಮಾಡಿ ಕೊಡುತ್ತಾಳೆ, ಮಕ್ಕಳು ಅರ್ಧ ತಿಂದು ಅರ್ಧ ಬಿಡುತ್ತಾರೆ. ಬೀಗ ಬೀಳುವ ಮೊದಲು ಊರ ಹೆಂಗಸರು ಬೇಡವೆಂದು ಒಂದು ಸಹಿ ಹಾಳೆ ಎಬ್ಬಿಸಿದ್ದರು. ಅದನ್ನು ನಿಲ್ಲಿಸಿದವಳು ಮ್ಯೂರಿಯಲ್. ಸರ್ ಜಾಸ್ಲಿನ್ ಅವಳಿಗೆ ಸ್ವಂತ ಕೈಯಲ್ಲಿ ಕಾಗದ ಬರೆದಿದ್ದ: ನಾನೇ ಖುದ್ದಾಗಿ ವಿಚಾರಿಸಿದ್ದೇನೆ, ಬೇರೆ ದಾರಿಯಿಲ್ಲ. ಆ ಕಾಗದ ಹಿಡಿದು ಅವಳು ಮನೆಮನೆಗೆ ಹೋಗಿ, ನನ್ನ ಮಾತಿನ ಮೇಲೆ ನಂಬಿಕೆಯಿಡಿ ಎಂದು ಹೇಳಿ, ಹಾಳೆಯನ್ನು ಮಗಳ ಕೈಯಿಂದಲೇ ಇಸಿದುಕೊಂಡಿದ್ದಳು.

"ಪೇಪರಿನವರು ಏನು ಬೇಕಾದ್ರೂ ಬರೀತಾರೆ," ಎಂದಳು ಮ್ಯೂರಿಯಲ್. ದನಿ ಅವಳಿಗೇ ಸಣ್ಣದಾಗಿ ಕೇಳಿಸಿತು.

"ಅವನೇ ಒಪ್ಕೊಂಡಿದಾನೆ ಅಮ್ಮ! ತಪ್ಪು ತಿಳುವಳಿಕೆ ಆಯ್ತು ಅಂದಿದಾನೆ. ದುಡ್ಡು ತಪ್ಪಿ ಜೇಬಿಗೆ ಬಿತ್ತಂತಾ?"

"ಅಜ್ಜಿ, ಎರಡು ವರ್ಷ ತಪ್ಪು ತಿಳಿಯೋಕೆ ಎಷ್ಟು ಬುದ್ಧಿ ಬೇಕು ಹೇಳು," ಎಂದಳು ಬ್ರಯನಿ.

"ನೀನು ಸುಮ್ನಿರು. ಹತ್ತೊಂಬತ್ತು ವರ್ಷಕ್ಕೆ ಎಲ್ಲ ಗೊತ್ತು ನಿಂಗೆ!"

ಹೇಜೆಲ್ ತಟ್ಟೆಯನ್ನು ಮುಂದಕ್ಕೆ ನೂಕಿ ಎದ್ದಳು. "ಅವನ ಮೇಲೆ ನಂಗೆ ಸಿಟ್ಟಿಲ್ಲ ಅಮ್ಮ. ಅವನು ಯಾರೋ. ನೀನು ನನ್ನ ಕೈಯಿಂದ ಆ ಹಾಳೆ ಕಿತ್ಕೊಂಡೆ. ಇವತ್ತಿಂದ ಒಲೇಲಿ ಎಡಗಡೆ ಎರಡು ಉರಿ ನಿಂದು, ಬಲಗಡೆ ಎರಡು ನಂದು. ನಾನು ನಿನ್ನ ಮೇಜಲ್ಲಿ ಊಟ ಮಾಡಲ್ಲ."

ಆಡಿದಂತೆಯೇ ಮಾಡಿದಳು. ಸೋಮವಾರದಿಂದ ಒಂದೇ ಒಲೆಯಲ್ಲಿ ಎರಡು ಸಂಸಾರ. ಎಡಗಡೆ ಮ್ಯೂರಿಯಲಳ ಸೂಪು, ಬಲಗಡೆ ಹೇಜೆಲಳ ಸಾರು. ಎರಡು ಉಪ್ಪಿನ ಡಬ್ಬಿ, ಎರಡು ಬೆಣ್ಣೆಯ ತಟ್ಟೆ. ಹೇಜೆಲ್ ತನ್ನ ತಟ್ಟೆ ಹಿಡಿದು ಮಹಡಿಗೆ ಹೋಗುವಳು. ಕ್ಲೆಮೆಂಟ್ ಯಾರ ಮನಸ್ಸನ್ನೂ ನೋಯಿಸಲಾರದೆ ಹನ್ನೆರಡಕ್ಕೆ ಹೆಂಡತಿಯ ಊಟವನ್ನೂ ಒಂದಕ್ಕೆ ಮಗಳ ಊಟವನ್ನೂ ಉಣ್ಣತೊಡಗಿದ.

"ತಾತ, ನಿನ್ನ ಪ್ಯಾಂಟಿನ ಗುಂಡಿ ರಾಜೀನಾಮೆ ಕೊಡತ್ತೆ ನೋಡು," ಎಂದಳು ಬ್ರಯನಿ.

ಗುಂಡಿಗಿಂತ ಮೊದಲು ಸರ್ ಜಾಸ್ಲಿನ್ ಕೊಟ್ಟ. ಉಪಚುನಾವಣೆ ಘೋಷಣೆಯಾಯಿತು, ಅಕ್ಟೋಬರಿನ ಕೊನೆಯ ಗುರುವಾರ. ಊರು ಒಂದೇ ರಾತ್ರಿಯಲ್ಲಿ ಬೇರೆ ಊರಾಯಿತು. ಬಾತುಕೋಳಿಗಳ ಕೊಳದ ಪಕ್ಕ ಟೀವಿಯವರ ವ್ಯಾನು ನಿಂತಿತು. ಬ್ರೆಡ್ಡಿನಂಗಡಿಯಲ್ಲಿ ಲಂಡನ್ನಿನ ವರದಿಗಾರರು ಸಾಲು ನಿಂತು, ಸಾಲಿನಲ್ಲಿದ್ದವರನ್ನೆಲ್ಲ ಅಭಿಪ್ರಾಯ ಕೇಳಿ, ಬನ್ನು ಮುಗಿಯುವಂತೆ ಮಾಡಿದರು. ಬಾಗಿಲ ಸಂದಿಯಿಂದ ಬೀಳುವ ಕರಪತ್ರಗಳನ್ನು ಪಕ್ಕದ ಮನೆಯ ನಾಯಿ ದಿನಕ್ಕೆ ಮೂರು ಸಲ ಹರಿದು ಸುಸ್ತಾಯಿತು. ಬೇಲಿಗಳಲ್ಲಿ ಎದುರಾಳಿ ಹಳದಿ ಪಕ್ಷದ ಫಲಕಗಳು ರಾತ್ರಿ ಬೆಳಗಾಗುವುದರಲ್ಲಿ ಅರಳಿದವು. ನೀಲಿ ಕೋಟೆಯಂಥ ಹಾಥರ್ಲಿಯಲ್ಲಿ ಹಳದಿ! ಮ್ಯೂರಿಯಲಳಿಗೆ ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಅದರ ಅಡಿಯಲ್ಲಿ ಹಳೆಯ ಹುರುಪೂ ಎದ್ದುಬಂತು. ಎಪ್ಪತ್ತೊಂದರ ಮೊಣಕಾಲುಗಳು ನೋವು ಮರೆತವು. ಬೆಳಗಿನ ಪ್ರಾರ್ಥನೆಯಲ್ಲಿ ಅವಳು ದೇವರಲ್ಲಿ ಎರಡು ಬೇಡಿದಳು: ನೀಲಿ ಗೆಲ್ಲಲಿ, ಮಗಳು ಮೇಜಿಗೆ ಬರಲಿ. ಎರಡನ್ನೂ ಒಟ್ಟಿಗೆ ಕೇಳುವುದು ದೇವರನ್ನೂ ಕಷ್ಟಕ್ಕೀಡುಮಾಡುತ್ತದೆ ಎಂದು ಅವಳಿಗೆ ಆಗ ಹೊಳೆಯಲಿಲ್ಲ.

ಪಕ್ಷದಿಂದ ಫೀಲಿಕ್ಸ್ ಡ್ರೂರಿ ಎಂಬ ಏಜೆಂಟನನ್ನು ಕಳಿಸಿದರು. ಮೂವತ್ತರ ಹುಡುಗ, ಹೊಸ ಬೂಟು, ಕೈಯಲ್ಲಿ ಫೋನು. ಮುಂಗೋಣೆಯಲ್ಲಿ ಕೂತು ಸ್ಕೋನ್ ಎಂಬ ಪುಟ್ಟ ಬನ್ನಿಗೆ ಮೊದಲು ಜಾಮು ಹಚ್ಚಬೇಕೋ ಕೆನೆಯೋ ಎಂದು ತಿಳಿಯದೆ ಎರಡನ್ನೂ ಕಲಸಿಬಿಟ್ಟ.

"ಮಿಸೆಸ್ ಟ್ಯಾಪ್‌ಸ್ಕಾಟ್, ನಿಮ್ಮ ಬೀದಿ ಬಗ್ಗೆ ನಮ್ಮ ಫೋನು ಅನುಮಾನ ತೋರಿಸ್ತಿದೆ."

"ನಿಮ್ಮ ಫೋನು ಹಾಥರ್ಲಿಯಲ್ಲಿ ಎಷ್ಟು ವರ್ಷ ಇತ್ತಪ್ಪ?" ಮ್ಯೂರಿಯಲ್ ಡಬ್ಬಿಯ ಮುಚ್ಚಳ ತೆಗೆದಳು. "ಇನ್ನೂರ ಹನ್ನೆರಡು. ಎಲ್ಲ ಶಾಯೀಲಿ."

ಫೀಲಿಕ್ಸ್ ಒಂದು ಕಾರ್ಡು ಎತ್ತಿ ನೋಡಿದ. "ಇವರನ್ನ ಕೊನೇ ಸಲ ಕೇಳಿದ್ದು ಯಾವಾಗ?"

"ಕೇಳೋದೇನಿದೆ? ನಮ್ಮವರು."

"ಆದ್ರೂ, ಯಾವಾಗ?"

ಮ್ಯೂರಿಯಲ್ ಕಾರ್ಡನ್ನು ಬೆಳಕಿಗೆ ಹಿಡಿದಳು. ಶಾಯಿ ಕಂದು ಬಣ್ಣಕ್ಕೆ ತಿರುಗಿತ್ತು. ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತು ಶೂ ಲೇಸು ಕಟ್ಟುತ್ತಿದ್ದ ಬ್ರಯನಿ ಪಕ್ಕನೆ ನಕ್ಕಳು. ಆ ನಗುವೇ ಸಾಕಾಯಿತು.

"ಆಯ್ತು," ಎಂದಳು ಮ್ಯೂರಿಯಲ್. "ಇನ್ನೂರ ಹನ್ನೆರಡು ಜನರ ಬಾಗಿಲೂ ನಾನೇ ತಟ್ತೀನಿ. ಆಮೇಲೆ ನಿಮ್ಮ ಫೋನು ಬಂದು ನನ್ನ ಕ್ಷಮೆ ಕೇಳ್ಲಿ."

ಮಾರನೆಯ ದಿನವೇ ಹೊರಟಳು. ಮೊದಲನೆಯ ಮನೆ ಈನಾಕ್ ಬ್ಯಾಗ್ಲಿಯದು. ಎಂಬತ್ತರ ಮುದುಕ, ಒಂದು ಕಾಲಕ್ಕೆ ನಲವತ್ತು ಹಸು ಕಟ್ಟಿದವನು. ಬಾಗಿಲು ತೆಗೆದವನೇ ಟೋಪಿ ಕೈಗೆ ತೆಗೆದುಕೊಂಡ.

"ಅಯ್ಯೋ ಮ್ಯೂರಿಯಲ್! ಯಾರು ಹೋದ್ರು?"

"ಯಾರೂ ಸತ್ತಿಲ್ಲ ಈನಾಕ್. ವೋಟು ಕೇಳೋಕೆ ಬಂದೆ."

ಮುದುಕ ಅವಳನ್ನು ಮೇಲಿಂದ ಕೆಳಗೆ ನೋಡಿದ. "ನನ್ನನ್ನಾ? ನೀನಾ? ಎಷ್ಟೋ ಚುನಾವಣೆ ಹೋಯ್ತು, ನಮ್ಮನೆ ದಾಟಿ ಪಕ್ಕದ್ಮನೆ ಬಾಗಿಲು ತಟ್ತಿದ್ದೆ. ನಾನು ಪರದೆ ಹಿಂದೆ ನಿಂತು ನೋಡ್ತಿದ್ದೆ. ನಮ್ಮನೇಗೇನಾಗಿದೆ, ಕುಷ್ಠವಾ ಅಂತ ನನ್ನ ಹೆಂಡ್ತಿ ಕೇಳ್ತಿದ್ಲು, ಪಾಪ, ಬದುಕಿದ್ದಾಗ."

"ನೀನು ನಮ್ಮವನು ಅಂತ..."

"ಹಾಲಿನ ದರ ಬಿದ್ದು ಹಸು ಮಾರಿದ್ನಲ್ಲ, ಆ ವರ್ಷಾನೇ ಬಿಟ್ಟೆ. ಕೇಳಿದ್ದಿದ್ರೆ ಹೇಳ್ತಿದ್ದೆ. ನಿಲ್ಲು, ಲೀಕ್ಸ್ ಕಿತ್ಕೊಡ್ತೀನಿ. ಸೊಪ್ಪು ಉದ್ದ ಬಂದಿದೆ ಈ ಸಲ."

ಕೈತುಂಬ ಈರುಳ್ಳಿ ಜಾತಿಯ ಆ ಹಸಿರು ದಂಟುಗಳನ್ನು ಹೊತ್ತು ಅವಳು ಎರಡನೆಯ ಮನೆಗೆ ಹೋದಳು. ಅಲ್ಲಿಯ ಮಿಸೆಸ್ ಪಾರ್ಜೆಟರ್ ಗಟ್ಟಿ ನೀಲಿಯವಳು. "ನಾನು ಸಾಯೋವರೆಗೂ ನೀಲೀನೇ ಮ್ಯೂರಿಯಲ್. ಆದ್ರೆ ಈ ಸಲ ಮನೇಲೇ ಇರ್ತೀನಿ. ಗುರುವಾರ ಸ್ವೆಟರ್ ಹೆಣೀತೀನಿ. ನೀನು ಎಬ್ಬಿಸೋಕೆ ಯಾರನ್ನೂ ಕಳಿಸ್ಬೇಡ, ಬಾಗಿಲು ತೆಗೆಯಲ್ಲ." ಮೂರನೆಯ ಮನೆಯವರು ಅವಳ ಮುಖದ ಮುಂದೆ ಬಾಗಿಲು ಹಾಕಿದರು. ನಾಲ್ಕನೆಯ ಮನೆಯಲ್ಲಿ ನೀಲಿ, ನೀಲಿಯೇ, ನಗುನಗುತ್ತ ನೀಲಿ. ಅವಳಿಗೆ ಅವರನ್ನು ಅಪ್ಪಿಕೊಳ್ಳುವಷ್ಟು ಸಂತೋಷವಾಯಿತು. ಐದನೆಯ ಮನೆಯಲ್ಲಿ ಗಂಡ ನೀಲಿ, ಹೆಂಡತಿ ಹಳದಿ, ಇಬ್ಬರೂ ಅವಳ ಎದುರಿಗೇ ಜಗಳಕ್ಕೆ ಬಿದ್ದು ಅವಳು ನಿಂತಿರುವುದನ್ನೇ ಮರೆತರು.

ಎಂದೂ ಇಲ್ಲದ ಒಂದು ರೋಮಾಂಚನ ಅವಳನ್ನು ಹಿಡಿಯಿತು. ಬಾಗಿಲು ತೆರೆಯುವವರೆಗೂ ಒಳಗೇನಿದೆ ಎಂದು ಗೊತ್ತಿಲ್ಲ! ಮದುವೆಯಾಗಿ ಈ ಬೀದಿಗೆ ಬಂದ ಹೊಸದರಲ್ಲಿ ಹೀಗೆಯೇ ಎದೆ ಹೊಡೆದುಕೊಳ್ಳುತ್ತಿತ್ತು. ಕೆನ್ನೆ ಕೆಂಪಾಗಿ, ಕೂದಲು ಕೆದರಿ, ಸಂಜೆಗೆ ಮನೆಗೆ ಬಂದು ಕ್ಲೆಮೆಂಟನಿಗೆ ಎಲ್ಲ ಒಪ್ಪಿಸುವಳು. ಬಲಗಡೆಯ ಉರಿಯ ಮುಂದೆ ಬೆನ್ನು ತಿರುಗಿಸಿ ನಿಂತ ಹೇಜೆಲ್ ಸೌಟು ಆಡಿಸುವುದನ್ನು ನಿಲ್ಲಿಸಿ ಕೇಳಿಸಿಕೊಳ್ಳುವಳು, ಮಾತನಾಡಳು.

ಎರಡನೆಯ ವಾರ ಲೆಟಿಸ್ ವೌಲ್ಸ್ ಎಂಬವಳ ಮನೆ ಬಂತು. ಮೂರು ಮಕ್ಕಳ ತಾಯಿ, ಸಹಿ ಹಾಳೆಯಲ್ಲಿ ಮೊದಲ ಹೆಸರು ಅವಳದು. ಒಳಗೆ ಕರೆಯಲಿಲ್ಲ, ಒರೆಸುವ ಬಟ್ಟೆ ಹೆಗಲ ಮೇಲಿತ್ತು.

"ಯಾರಿಗೆ ಹಾಕ್ತೀನಿ ಅಂತ ಇನ್ನೂ ಗೊತ್ತಿಲ್ಲ ಮಿಸೆಸ್ ಟ್ಯಾಪ್‌ಸ್ಕಾಟ್. ಆದ್ರೆ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅವನ ಕಾಗದ ನಾವು ನಂಬ್ಲಿಲ್ಲ. ಕಾಗದ ಹಿಡ್ಕೊಂಡು ಬಂದೋರು ನೀವು ಅಂತ ನಂಬಿದ್ವಿ."

ಮ್ಯೂರಿಯಲ್ ಆ ದಿನ ಮುಂದಿನ ಮನೆಗೆ ಹೋಗಲಿಲ್ಲ. ಚರ್ಚಿಗೆ ಹೋಗಿ, ಶನಿವಾರ ತಾನೇ ಜೋಡಿಸಿದ ಡೇಲಿಯಾ ಹೂಗಳಲ್ಲಿ ಬಾಡಿದವನ್ನು ಒಂದೊಂದಾಗಿ ತೆಗೆದಳು. ದೇವರೇ, ನನ್ನ ಬಾಯಿಂದ ಸುಳ್ಳು ನಡೆದು ಹೋಗಿದೆ, ಅದನ್ನು ವಾಪಸು ಕರೆಯುವುದು ಹೇಗೆ ಎಂದು ಕೇಳಿದಳು. ದೇವರು ತನ್ನ ಅಭ್ಯಾಸದಂತೆ ಸುಮ್ಮನಿದ್ದ. ಆದರೆ ಹಿಂದಿರುಗಿ ಬರುವಾಗ ಅವಳ ನಡಿಗೆ ಚುರುಕಾಗಿತ್ತು.

ಮೂರನೆಯ ವಾರದ ಕೊನೆಗೆ ಡಬ್ಬಿಯಲ್ಲಿ ಕೇಳದೆ ಉಳಿದದ್ದು ಒಂದೇ ಶಾಯಿಯ ಕಾರ್ಡು. ಅದರ ಮೇಲೆ ಬರೆದಿತ್ತು: ಹದಿನೇಳು, ಮಿಲ್ ಲೇನ್. ನಾಲ್ಕು ಹೆಸರು, ನಾಲ್ಕೂ ಶಾಯಿಯಲ್ಲಿ. ಹದಿನೆಂಟು ತುಂಬಿದ ದಿನವೇ ಬ್ರಯನಿಗೂ ಅವಳು ಶಾಯಿ ಬಳಿದಿದ್ದಳು.

ಮ್ಯೂರಿಯಲ್ ಕೋಟು ಹಾಕಿಕೊಂಡಳು, ನೀಲಿ ಹೂ ಸಿಕ್ಕಿಸಿಕೊಂಡಳು, ಬೀದಿಗೆ ಇಳಿದು ಗೇಟು ಹಾಕಿ, ಮತ್ತೆ ಗೇಟು ತೆಗೆದು ಒಳಬಂದು, ತನ್ನ ಮನೆಯ ಗಂಟೆಯನ್ನು ತಾನೇ ಒತ್ತಿದಳು.

ಕ್ಲೆಮೆಂಟ್ ಬಾಗಿಲು ತೆಗೆದ. "ಕೀ ಮರೆತ್ಯಾ?"

"ನಮಸ್ಕಾರ. ಈ ಸಲ ನಿಮ್ಮ ವೋಟು ನಮಗೆ ಅಂತ ಇಟ್ಕೋಬಹುದಾ?"

ಕ್ಲೆಮೆಂಟ್ ಹೆಂಡತಿಯ ಮುಖ ನೋಡಿದ, ಕೈಯಲ್ಲಿದ್ದ ಕಾರ್ಡು ನೋಡಿದ. ಅವನಿಗೆ ಅರ್ಥವಾಯಿತು. ಮೂವತ್ತು ವರ್ಷ ಬಾಗಿಲುಗಳ ಆಚೆ ನಿಂತವನು ಈಗ ಈಚೆ ನಿಂತಿದ್ದ. ಬೆನ್ನು ನೆಟ್ಟಗೆ ಮಾಡಿಕೊಂಡ.

"ಇಲ್ಲಮ್ಮ," ಎಂದ. "ಊರಿನ ಅಂಚೆ ಕಚೇರಿ ಮುಚ್ಚಿದ್ರಲ್ಲ, ಆವತ್ತಿಂದ ನಾನು ಹಳದಿ. ನಾಲ್ಕು ಸಲ ಆಯ್ತು."

"ನಾಲ್ಕು ಸಲ!" ಅವಳು ಮತ ಕೇಳಲು ಬಂದವಳೆಂಬುದನ್ನು ಮರೆತಳು. "ಕ್ಲೆಮ್! ನಾಲ್ಕು ಸಲಾನೂ ನನ್ನ ಜೊತೆ ಕೈ ಹಿಡ್ಕೊಂಡು ಹೋಗಿ ಹಾಕಿ ಬಂದ್ಯಲ್ಲೋ! ಆಮೇಲೆ ನನ್ನ ಗೆಲುವಿನ ಚಹಾ ಬೇರೆ ಕುಡಿದೆ!"

"ಚಹಾ ಚೆನ್ನಾಗಿತ್ತು."

"ಯಾಕೆ ಹೇಳ್ಲಿಲ್ಲ?"

"ಕೇಳ್ದೋರು ಯಾರು?"

ಮೆಟ್ಟಿಲ ಮೇಲಿಂದ ಬ್ರಯನಿ ಇಳಿದು ಬಂದಳು. "ಅಜ್ಜಿ, ನನ್ನನ್ನೂ ಕೇಳು, ನನ್ನನ್ನೂ! ಹಳದಿ! ಗುರುವಾರ ಶಾಲೆ ಬಾಗಿಲಲ್ಲಿ ಹಳದಿ ಹೂ ಹಾಕ್ಕೊಂಡು ಕೂರೋಳು ನಾನೇ."

ಅವಳ ಹಿಂದೆ ಹೇಜೆಲ್ ಬಂದಳು. ಆ ಭಾನುವಾರದ ನಂತರ ಮೊದಲ ಸಲ ತಾಯಿಯ ಕಣ್ಣಲ್ಲಿ ಕಣ್ಣಿಟ್ಟಳು.

"ಹೇಜೆಲ್ ಟ್ಯಾಪ್‌ಸ್ಕಾಟ್," ಎಂದಳು ಮ್ಯೂರಿಯಲ್. "ನಿಮ್ಮ ವೋಟು?"

"ನನ್ನ ವೋಟು ಕೇಳ್ಬೇಡಿ. ನನ್ನ ಹಾಳೆ ವಾಪಸ್ ಕೊಡಿ," ಎಂದಳು ಹೇಜೆಲ್, ತಿರುಗಿ ಮೇಲೆ ಹೋದಳು.

ಹಾಳೆ ಎಲ್ಲಿದೆ ಎಂದು ಮ್ಯೂರಿಯಲಳಿಗೆ ಗೊತ್ತಿತ್ತು. ಬಿಸ್ಕತ್ತಿನ ಡಬ್ಬಿಯ ತಳದಲ್ಲಿ, ಕಾರ್ಡುಗಳ ಅಡಿಯಲ್ಲಿ, ನಾಲ್ಕಾಗಿ ಮಡಿಸಿಕೊಂಡು ಬಿದ್ದಿತ್ತು.

ಮತದಾನಕ್ಕೆ ಒಂಬತ್ತು ದಿನ ಮುಂಚೆ ಚರ್ಚಿನಲ್ಲಿ ಅಭ್ಯರ್ಥಿಗಳ ಸಭೆ. ಪಾದ್ರಿಯಮ್ಮ ಜೂಡಿತಳದೇ ಅಧ್ಯಕ್ಷತೆ. ಇಂಥ ಸಭೆಗಳಲ್ಲಿ ಮೊದಲ ಪ್ರಶ್ನೆ ಮ್ಯೂರಿಯಲಳದು, ಅದು ವಾಡಿಕೆ. ಪ್ರಶ್ನೆಯನ್ನು ಏಜೆಂಟ್ ಮೊದಲೇ ಬರೆದು ಕೊಡುವುದೂ ವಾಡಿಕೆಯೇ. ಮೃದುವಾದ ಪ್ರಶ್ನೆ, ಅಭ್ಯರ್ಥಿ ಅದರ ಮೇಲೆ ಮೆತ್ತೆಯ ಮೇಲೆ ಕೂತಂತೆ ಕೂರಬೇಕು. ಫೀಲಿಕ್ಸ್ ಕೊಟ್ಟ ಚೀಟಿಯಲ್ಲಿ ಬರೆದಿತ್ತು: ನಮ್ಮ ಬೀದಿಗಳ ಹೂಬುಟ್ಟಿಗಳನ್ನು ನೀವು ಹೇಗೆ ಕಾಪಾಡುವಿರಿ?

ಚರ್ಚು ತುಂಬಿ, ಜನ ಕಿಟಕಿಯ ಕಟ್ಟೆಗಳ ಮೇಲೆ, ಹಾಡುಗಾರರ ಬೆಂಚಿನ ಮೇಲೆ, ಜ್ಞಾನಸ್ನಾನದ ಕಲ್ಲಿಗೆ ಒರಗಿ ನಿಂತಿದ್ದರು. ಕ್ರಿಸ್‌ಮಸ್ಸಿಗೂ ಇಷ್ಟು ಜನ ಬರುವುದಿಲ್ಲ ಎಂದು ಪಾದ್ರಿಯಮ್ಮ ನಿಟ್ಟುಸಿರಿಟ್ಟಳು. ಹಿಂದೆ, ಚಹಾದ ಹಂಡೆಯ ಬಳಿ ಹೇಜೆಲ್ ಲೋಟ ಜೋಡಿಸುತ್ತಿದ್ದಳು. ಮುಂದೆ ನೀಲಿಯ ಹೊಸ ಅಭ್ಯರ್ಥಿ ಮಿಸೆಸ್ ಆಂಥಿಯಾ ಕೋಲ್, ಪಕ್ಕದಲ್ಲಿ ಹಳದಿಯ ಅಭ್ಯರ್ಥಿ, ಊರ ದನಗಳನ್ನೆಲ್ಲ ಬಲ್ಲ ಪಶುವೈದ್ಯ ಹಾಕ್ರಿಜ್.

"ವಾಡಿಕೆಯಂತೆ ಮೊದಲ ಪ್ರಶ್ನೆ ಮ್ಯೂರಿಯಲ್ ಅವರದು," ಎಂದಳು ಪಾದ್ರಿಯಮ್ಮ.

ಮ್ಯೂರಿಯಲ್ ಎದ್ದಳು. ಹೂಬುಟ್ಟಿಯ ಚೀಟಿಯನ್ನು ಪ್ರಾರ್ಥನಾ ಪುಸ್ತಕದೊಳಗೆ ಇಟ್ಟಳು. ಕೈಚೀಲದಿಂದ ನಾಲ್ಕಾಗಿ ಮಡಿಸಿದ ಹಾಳೆ ತೆಗೆದಳು. ಫೀಲಿಕ್ಸ್ ಕಣ್ಣು ಕಿರಿದುಮಾಡಿ ನೋಡಿದ; ತನ್ನ ಚೀಟಿ ಅಷ್ಟು ದೊಡ್ಡದಿರಲಿಲ್ಲ.

"ಇದರಲ್ಲಿ ನಲವತ್ತಮೂರು ಹೆಸರಿದೆ," ಎಂದಳು. ಮೊದಲು ದನಿ ಹೊರಡಲಿಲ್ಲ, ಹಿಂದಿನಿಂದ ಈನಾಕ್ "ಜೋರಾಗಿ ತಾಯಿ!" ಎಂದು ಕೂಗಿದ ಮೇಲೆ ಗಟ್ಟಿಯಾಯಿತು. "ನಮ್ಮ ಶಾಲೆ ಅಡುಗೆಮನೆ ಮುಚ್ಚಬೇಡಿ ಅಂತ ಬರೆದು ಸಹಿ ಹಾಕಿದ್ದು. ಇದು ಎಲ್ಲಿಗೂ ಹೋಗ್ಲಿಲ್ಲ, ಯಾಕಂದ್ರೆ ನಾನು ಹೋಗೋಕೆ ಬಿಡ್ಲಿಲ್ಲ. ಸರ್ ಜಾಸ್ಲಿನ್ ಮಾತು ನಿಜ ಅಂತ ನಾನು ನಿಮ್ಮ ಮನೆಮನೆಗೂ ಬಂದು ಹೇಳ್ದೆ. ಅದು ಸುಳ್ಳು. ಅವರು ಹೇಳಿದ ಸುಳ್ಳನ್ನ ಹೊತ್ತು ತಂದು ನಿಮ್ಮ ಬಾಗಿಲಲ್ಲಿ ಇಳಿಸಿದವಳು ನಾನು. ನನ್ನ ಮಗಳ ಕೈಯಿಂದ ಈ ಹಾಳೆ ಕಿತ್ಕೊಂಡವಳೂ ನಾನೇ. ನನ್ನನ್ನ ಕ್ಷಮಿಸಿ."

ಹಂಡೆಯ ಬಳಿ ಒಂದು ಲೋಟ ತಟ್ಟೆಗೆ ತಗುಲಿ ಠಣ್ಣೆಂದಿತು.

"ಈಗ ಪ್ರಶ್ನೆ. ಮಿಸೆಸ್ ಕೋಲ್, ನೀವು ಗೆದ್ರೆ ಆ ಅಡುಗೆಮನೆ ಬೀಗ ತೆಗೆಸ್ತೀರಾ?"

ಮಿಸೆಸ್ ಕೋಲ್ ಏಜೆಂಟನ ಕಡೆ ನೋಡಿದಳು. ಏಜೆಂಟ್ ತನ್ನ ಬೂಟಿನ ಕಡೆ ನೋಡಿದ.

"ಬಹಳ ಮುಖ್ಯವಾದ ಪ್ರಶ್ನೆ," ಎಂದಳು ಆಕೆ. "ಈ ದುರದೃಷ್ಟಕರ ಪ್ರಸಂಗದಿಂದ ನಾವೆಲ್ಲರೂ ಪಾಠ ಕಲಿತಿದ್ದೇವೆ ಎಂದು ನಾನು..."

"ಮಿಸೆಸ್ ಕೋಲ್, ನಾನು ಪಾಠ ಕೇಳ್ಲಿಲ್ಲ. ಊಟ ಕೇಳ್ದೆ."

ಚರ್ಚಿನ ಮಾಡಿನಲ್ಲಿದ್ದ ಪಾರಿವಾಳಗಳು ಎದ್ದು ಹಾರಿದವು, ಅಂಥ ನಗು. ಬೆಂಚು ಬಡಿದರು. ಪಶುವೈದ್ಯ ಹಾಕ್ರಿಜ್ ಎಲ್ಲರಿಗಿಂತ ಜೋರಾಗಿ ನಕ್ಕ.

"ನೀವು ನಗಬೇಡಿ ಡಾಕ್ಟರೇ," ಎಂದು ಮ್ಯೂರಿಯಲ್ ಅವನತ್ತ ತಿರುಗಿದಳು. "ಇದೇ ಪ್ರಶ್ನೆ ನಿಮಗೂ. ತೆಗೆಸ್ತೀನಿ ಅಂದ್ರೆ ಯಾವ ತಿಂಗಳು ಅಂತ ಹೇಳಿ, ಬರ್ಕೋತೀನಿ."

ಅವನ ನಗು ನಿಂತು, ಬಾಯಿ ಇನ್ನೂ ತೆರೆದೇ ಇತ್ತು. "ಒಪ್ಪಂದ ಮುರಿಸೋದು ಎಂ.ಪಿ. ಕೈಲಿಲ್ಲ," ಎಂದ ಕೊನೆಗೆ, ನಿಧಾನವಾಗಿ. "ತಿಂಗಳು ಹೇಳಿದ್ರೆ ಸುಳ್ಳಾಗುತ್ತೆ. ಈ ಹಾಳೆ ಹಿಡ್ಕೊಂಡು ಕೌಂಟಿ ಕಚೇರಿಗೆ ನಿಮ್ಮ ಜೊತೆ ಬರ್ತೀನಿ. ಗೆದ್ರೂ ಬರ್ತೀನಿ, ಸೋತ್ರೂ ಬರ್ತೀನಿ. ಅಷ್ಟು ಹೇಳಬಲ್ಲೆ."

ಮ್ಯೂರಿಯಲ್ ಅದನ್ನು ಹೂಬುಟ್ಟಿಯ ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡಳು.

ಹೊರಗೆ, ಗೋರಿಕಲ್ಲುಗಳ ನಡುವಿನ ದಾರಿಯಲ್ಲಿ ಫೀಲಿಕ್ಸ್ ಅವಳನ್ನು ಹಿಡಿದು ನಿಲ್ಲಿಸಿದ. "ಮಿಸೆಸ್ ಟ್ಯಾಪ್‌ಸ್ಕಾಟ್, ಏನು ಮಾಡಿದ್ರಿ ಇದು! ಇನ್ನೂರ ಹನ್ನೆರಡು ಜನ ಇದ್ರಲ್ಲ ನಿಮ್ಮ ಕೈಲಿ!"

"ಎಪ್ಪತ್ತಾರು," ಎಂದಳು ಮ್ಯೂರಿಯಲ್. "ನಿಮ್ಮ ಫೋನಿಗೆ ಹೇಳಿ, ನಾನೇ ಅದರ ಕ್ಷಮೆ ಕೇಳ್ತೀನಿ. ಮತ್ತೆ ಗುರುವಾರ ಮುಂಗೋಣೆ ಖಾಲಿ ಇಲ್ಲ."

"ಯಾರಿಗೆ ಕೊಟ್ರಿ? ಹಳದಿಯವರಿಗಾ?"

"ಊಟಕ್ಕೆ."

ಹಾಗೆ ಹೇಳುವಾಗ ಅವಳಿಗೆ ಯಾವ ಊಟ, ಯಾರು ಮಾಡುವುದು ಎಂದು ತಿಳಿದಿರಲಿಲ್ಲ. ಬಾಯಿಗೆ ಬಂದಿತ್ತು, ಹೇಳಿದಳು. ಮಾರನೆಯ ಬೆಳಗ್ಗೆ ಅಡುಗೆಮನೆಗೆ ಬಂದಾಗ ಹೇಜೆಲ್ ಎಡಗಡೆಯ ಉರಿಯ ಮೇಲೆ ಓಟ್ಸ್ ಗಂಜಿ ತಿರುವುತ್ತಿದ್ದಳು. ದೊಡ್ಡ ಪಾತ್ರೆ, ನಾಲ್ಕು ಜನಕ್ಕಾಗುವಷ್ಟು. ತಾಯಿಯ ಕಡೆ ತಿರುಗದೆಯೇ ಕೇಳಿದಳು:

"ಗುರುವಾರಕ್ಕೆ ಎಷ್ಟು ಜನ?"

"ನಲವತ್ತಮೂರು," ಎಂದಳು ಮ್ಯೂರಿಯಲ್. "ಅವರ ಮಕ್ಕಳು ಬೇರೆ."

"ಮಕ್ಕಳನ್ನೂ ಸೇರಿಸಿ ಹನ್ನೆರಡು ಕಿಲೋ ಆಲೂಗಡ್ಡೆ. ನೀನು ಸಿಪ್ಪೆ ತೆಗೀಬೇಕು. ಅಪ್ಪಂಗೆ ಇನ್ಮೇಲೆ ಒಂದೇ ಊಟ."

"ದೇವರು ದೊಡ್ಡವನು," ಎಂದ ಕ್ಲೆಮೆಂಟ್ ಮೂಲೆಯಿಂದ, ಬೆಲ್ಟು ಸಡಿಲಿಸುತ್ತ.

ಆ ಗುರುವಾರವನ್ನು ಹಾಥರ್ಲಿಯವರು ಈಗಲೂ ಹೇಳಿಕೊಳ್ಳುತ್ತಾರೆ. ಮತದಾನಕ್ಕೆಂದು ಶಾಲೆಗೆ ರಜೆ. ಮುಂಗೋಣೆಯ ಮೇಜು ಕಿಟಕಿಯ ಬಳಿಗೆ ಸರಿದಿತ್ತು, ಅದರ ಮೇಲೆ ಪಟ್ಟಿಗಳ ಬದಲು ಹೇಜೆಲಳ ಕೈಯ ಕುರಿಮಾಂಸದ ಪೈ, ಮೇಲೆ ಹೊಂಬಣ್ಣಕ್ಕೆ ಬೆಂದ ಆಲೂಗಡ್ಡೆಯ ಪದರ. ಸೇಬಿನ ಕ್ರಂಬಲ್, ಬಿಸಿ ಕಸ್ಟರ್ಡು. ಮಕ್ಕಳು ತಟ್ಟೆ ನೆಕ್ಕಿದರು. ಲೆಟಿಸಳ ಕಿರಿಯವನು ಮೂರನೇ ಸಲ ಬಡಿಸಿಕೊಂಡು "ಇದು ನಮ್ ಹಳೇ ಊಟ!" ಎಂದು ಕೂಗಿದ. ಲೆಟಿಸ್ ಮ್ಯೂರಿಯಲಳ ಕೈಯಿಂದ ಸೌಟು ತೆಗೆದುಕೊಂಡು, "ನೀವು ಕೂತ್ಕೊಳ್ಳಿ, ನಾನು ಬಡಿಸ್ತೀನಿ," ಎಂದಳು. ಬ್ರಯನಿಯ ಪಕ್ಕ ಮತಗಟ್ಟೆಯ ಬಾಗಿಲಲ್ಲಿ ನೀಲಿ ಹೂ ಹಾಕಿ ಕೂತಿದ್ದ ಫೀಲಿಕ್ಸ್ ಚಳಿಗೆ ನಡುಗುತ್ತಿದ್ದುದನ್ನು ಕೇಳಿ, ಮ್ಯೂರಿಯಲ್ ಅವನಿಗೂ ಒಂದು ಡಬ್ಬಿ ಕಳಿಸಿದಳು. ಮುಂಗೋಣೆಯ ಬಾಗಿಲಲ್ಲಿ ಹೊಸ ಸಹಿ ಹಾಳೆಯಿಟ್ಟಿದ್ದರು; ಸಂಜೆಯ ಹೊತ್ತಿಗೆ ಸಹಿ ಮುನ್ನೂರು ದಾಟಿತ್ತು. ಮೊದಲ ಹೆಸರು ಮ್ಯೂರಿಯಲಳದು. ಮಿಸೆಸ್ ಪಾರ್ಜೆಟರ್ ಅರ್ಧ ಹೆಣೆದ ಸ್ವೆಟರ್ ಹಿಡಿದೇ ಬಂದು ಸಹಿ ಹಾಕಿ, ಪೈ ತಿಂದು, ಮತ ಹಾಕದೆ ಮನೆಗೆ ಹೋದಳು.

ನಾಲ್ಕು ಗಂಟೆಗೆ ಏಪ್ರನ್ ಬಿಚ್ಚಿಟ್ಟು ಮ್ಯೂರಿಯಲ್ ಮತಗಟ್ಟೆಗೆ ಹೋದಳು. ಕೋಟಿನಲ್ಲಿ ಯಾವ ಹೂವೂ ಇರಲಿಲ್ಲ. ಮರದ ಹಲಗೆಯ ಮರೆಯೊಳಗೆ, ಮತದ ಗುರುತು ಹಾಕಲು ದಾರ ಕಟ್ಟಿದ ಪೆನ್ಸಿಲು ತೂಗುತ್ತಿತ್ತು. ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಳು. ಹೊರಬಂದಾಗ ಬ್ರಯನಿ ಹುಬ್ಬು ಹಾರಿಸಿದಳು. ಅಜ್ಜಿ ಕೋಟಿನ ಗುಂಡಿ ಹಾಕಿಕೊಂಡು ಮನೆಯ ದಾರಿ ಹಿಡಿದಳು.

ಶುಕ್ರವಾರ ಬೆಳಗ್ಗೆ ಎಣಿಕೆ. ಮಧ್ಯಾಹ್ನದ ಹೊತ್ತಿಗೆ ರೇಡಿಯೋ ಹೇಳಿತು: ಮುನ್ನೂರ ತೊಂಬತ್ತು ಮತಗಳಿಂದ ಹಳದಿ. ಎಪ್ಪತ್ತು ವರ್ಷಗಳಲ್ಲಿ ಮೊದಲ ಸಲ. ಬ್ರಯನಿ ತಾತನನ್ನು ಎಳೆದುಕೊಂಡು ಅಡುಗೆಮನೆಯಲ್ಲೇ ಕುಣಿದಳು. ಬೀದಿಯಲ್ಲಿ ಯಾರೋ ಕಾರಿನ ಹಾರ್ನು ಒತ್ತಿಕೊಂಡೇ ಹೋದರು. ಚರ್ಚಿನ ಗಂಟೆ ಬಾರಿಸಬೇಕೆಂದು ಈನಾಕ್ ಹಟ ಹಿಡಿದನಂತೆ. ದೇವರು ಯಾವ ಪಕ್ಷಕ್ಕೂ ಗಂಟೆ ಬಾರಿಸುವುದಿಲ್ಲ ಎಂದು ಪಾದ್ರಿಯಮ್ಮ ಹಗ್ಗ ಕಟ್ಟಿಹಾಕಿದಳಂತೆ. ಹಾಕ್ರಿಜ್ ಫೋನು ಮಾಡಿ, ಸೋಮವಾರ ಹತ್ತಕ್ಕೆ ಕೌಂಟಿ ಕಚೇರಿ, ಹಾಳೆ ತನ್ನಿ ಎಂದ.

ಮ್ಯೂರಿಯಲ್ ಮೇಜಿನ ತುದಿಯಲ್ಲಿ ಹೊಸ ಕಾರ್ಡುಗಳ ಕಟ್ಟು ಬಿಚ್ಚಿ ಕೂತಿದ್ದಳು. ಹೇಜೆಲ್ ನಿನ್ನೆಯ ಉಳಿದ ಪೈಯನ್ನು ನಾಲ್ಕು ತಟ್ಟೆಗೆ ಹಾಕಿ, ನಾಲ್ಕನ್ನೂ ಅದೇ ಮೇಜಿನ ಮೇಲಿಟ್ಟು, ತಾನೂ ಕುರ್ಚಿ ಎಳೆದುಕೊಂಡಳು.

"ಅಮ್ಮ, ನಿಜ ಹೇಳು. ಯಾರಿಗೆ ಹಾಕ್ದೆ?"

"ಹೀಗೆ ಊಟದ ಮಧ್ಯ ಕೇಳೋ ಮಾತಾ ಅದು? ಅದಕ್ಕೊಂದು ಕ್ರಮ ಇದೆ."

ಹೇಜೆಲ್ ತಾಯಿಯನ್ನೇ ನೋಡಿದಳು. ಆಮೇಲೆ ಎದ್ದು, ಒಂದು ಖಾಲಿ ಕಾರ್ಡು ಎತ್ತಿಕೊಂಡು, ಚಪ್ಪಲಿಯಲ್ಲೇ ಹೊರಗೆ ಹೋದಳು. ಗೇಟು ಕಿರುಗುಟ್ಟಿತು, ಮತ್ತೆ ಕಿರುಗುಟ್ಟಿತು. ಗಂಟೆ ಬಾರಿಸಿತು.

ಮ್ಯೂರಿಯಲ್ ಕೂದಲು ಸರಿಮಾಡಿಕೊಂಡು ಹೋಗಿ ಬಾಗಿಲು ತೆಗೆದಳು.

"ನಮಸ್ಕಾರ ಮಿಸೆಸ್ ಟ್ಯಾಪ್‌ಸ್ಕಾಟ್," ಎಂದಳು ಮಗಳು. ನಗು ತಡೆದುಕೊಂಡು ಅವಳ ಗಲ್ಲ ಕುಣಿಯುತ್ತಿತ್ತು. "ನಿಮ್ಮ ವೋಟು ಯಾವ ಕಡೆ ಅಂತ ಕೇಳಬಹುದಾ?"

"ಕೇಳಬಹುದು. ಹಳದಿ. ಈ ಸಲಕ್ಕೆ."

"ಮುಂದಿನ ಸಲಕ್ಕೆ?"

"ಮುಂದಿನ ಸಲ ಬಂದು ಗಂಟೆ ಒತ್ತಮ್ಮ."

ಹೇಜೆಲ್ ಏಪ್ರನ್ನಿನ ಜೇಬಿಗೆ ಕೈಹಾಕಿ ಪೆನ್ನು ತೆಗೆದಳು. ಮ್ಯೂರಿಯಲ್ ಅದನ್ನು ಅವಳ ಕೈಯಿಂದ ತೆಗೆದುಕೊಂಡು, ತನ್ನ ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲನ್ನು ಕೊಟ್ಟಳು.

"ಬಾ ಒಳಗೆ," ಎಂದಳು. "ಪೈ ಆರಿಹೋಗತ್ತೆ."